ಫೋನ್ ಬಾರದ ಮನೆಗಳು

"ಮೂರು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲ ಅಂದ್ರೆ ನಾವೇನ್ ಅಂದ್ಕೋಬೇಕ್ರೀ? ನೀವು ಬದುಕಿದ್ದೀರೋ ಸತ್ತಿದ್ದೀರೋ ನಮಗೆ ಹೆಂಗ್ ಗೊತ್ತಾಗ್ಬೇಕು?"

"ಸತ್ತಿದ್ರ ನಿಮ್ಮ ಮನುಷ್ಯಾ ಬಂದು ಕದ ಒಡಿಲಿಕ್ಕತ್ತಾಗ ಎದ್ದು ಬೈತಿದ್ದಿಲ್ರೀ ನಾ."

"ಅವರು ಕದ ತಟ್ಟಿದ್ದು. ಒಡೆದಿದ್ದಲ್ಲ."

"ಎಂಬತ್ತು ಕೇಜಿ ಅಜ್ಜ ನನ್ನ ಹೆಗಲ ಮ್ಯಾಲಿದ್ದ್ರೀ, ಬಚ್ಚಲದಾಗ. ಅಜ್ಜಗ ಕೆಡವ್ಲೋ, ನಿಮ್ಮ ಫೋನ್ ಎತ್ಲೋ? ನೀವೇ ಹೇಳ್ರಿ ಮೇಡಂ. ಕುರ್ಚಿ ಮ್ಯಾಲ ಕುಂತು ಹೇಳೋದು ಹಗುರ ಅದ."

ಪೂಜಿತಾಳ ಕಿವಿ ಬಿಸಿಯಾಯಿತು. ಕೆಲಸಕ್ಕೆ ಸೇರಿದಾಗಿನಿಂದ ಇಷ್ಟು ಒರಟಾಗಿ ಅವಳ ಜೊತೆ ಯಾರೂ ಮಾತಾಡಿರಲಿಲ್ಲ. ದೂರು ಬರೆದು ಹಾಕ್ತೀನಿ ಅಂದಳು. ಬರೀರಿ, ಹೆಸರು ಕಿರಣಕುಮಾರ, ತಪ್ಪಿಲ್ದಂಗ ಬರೀರಿ ಅಂದು ಅವನೇ ಫೋನ್ ಇಟ್ಟುಬಿಟ್ಟ.

ಅವಳ ಆಫೀಸು ಇಂದಿರಾನಗರದಲ್ಲಿ, ಸೋಫಾ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಹಾಸಿಗೆ ಹಿಡಿದ ಮುದುಕರನ್ನು, ಲಕ್ವ ಹೊಡೆದವರನ್ನು ನೋಡಿಕೊಳ್ಳಲು ಮನೆಮನೆಗೆ ಕೇರ್‌ಟೇಕರ್‌ಗಳನ್ನು ಕಳಿಸುವ ಕಂಪನಿ ಅದು. ಕೇರ್‌ಟೇಕರ್‌ಗಳಲ್ಲಿ ಬಹಳ ಜನ ಯಾದಗಿರಿ, ರಾಯಚೂರು ಕಡೆಯವರು. ಹಗಲೂ ರಾತ್ರಿ ರೋಗಿಯ ಮನೆಯಲ್ಲೇ ಇರಬೇಕು. ವಾರಕ್ಕೊಂದು ರಜೆ.

ಪೂಜಿತಾ ಮತ್ತು ಅವಳ ಜೊತೆಯ ಹುಡುಗಿಯರ ಕೆಲಸ ದಿನಾ ಬೆಳಿಗ್ಗೆ ಅವರಿಗೆಲ್ಲ ಫೋನ್ ಮಾಡುವುದು. ರೋಗಿ ಹೇಗಿದ್ದಾರೆ, ಮಾತ್ರೆ ಕೊಟ್ಟಾಯ್ತಾ, ನೀವು ತಿಂದ್ರಾ. ಇಷ್ಟೇ. ಮೂರು ಸಲ ಎತ್ತದಿದ್ದರೆ ಹತ್ತಿರದಲ್ಲಿರುವ ಕಂಪನಿಯ ಮನುಷ್ಯ ಬೈಕ್ ಹತ್ತಿ ಆ ಮನೆಗೆ ಓಡಬೇಕು. ಭಾನುವಾರವೂ ಸರಿ, ಹಬ್ಬವೂ ಸರಿ, ಆ ನಿಯಮ ತಪ್ಪುವಂತಿಲ್ಲ.

ಅವಳು ದೂರು ಬರೆಯಲಿಲ್ಲ. ಕೆ.ಆರ್. ಪುರಕ್ಕೆ ಹೋಗುವ ಮೆಟ್ರೋದಲ್ಲಿ ನಿಂತು ಯೋಚಿಸಿದಳು. ಎಂಬತ್ತು ಕೇಜಿ ಮನುಷ್ಯನನ್ನು ಬಚ್ಚಲಿನಲ್ಲಿ ಒಬ್ಬನೇ ಹಿಡಿದು ನಿಲ್ಲುವುದು ಅಂದರೆ... ಅಂಥವನಿಗೆ ನಾನು ಸತ್ತಿದ್ದೀಯಾ ಅಂತ ಕೇಳಿದೆನಲ್ಲ.

ಮರುದಿನ ಫೋನ್ ಮಾಡಿದಾಗ ಮೊದಲನೇ ಗಂಟೆಗೇ ಎತ್ತಿದ.

"ನಿನ್ನೆ ಬೈದವರು ನೀವೇನು? ಇವತ್ತ ದನಿ ಬ್ಯಾರೆ ಅದ."

"ಬೈದಿದ್ದು ನೀವು."

"ಹೌದೇನು? ಹಂಗಾದ್ರ ತಪ್ಪಾತ್ರೀ."

ಅವಳಿಗೆ ನಗು ಬಂತು. ತಡೆದುಕೊಂಡಳು. ಆ ಕಡೆ ಅವನಿಗೆ ತಡೆದುಕೊಂಡದ್ದು ಕೇಳಿಸಿತು.

ಪ್ರೀತಿ ಹೀಗೇ ಶುರುವಾಗಬೇಕು ಅಂತ ಎಲ್ಲೂ ಬರೆದಿಲ್ಲ. ಮೂರು ಪ್ರಶ್ನೆಗೆ ನಾಲ್ಕನೆಯದು ಸೇರಿತು. ಆಮೇಲೆ ಐದನೆಯದು. ಅವನಿದ್ದದ್ದು ಕಲ್ಯಾಣ ನಗರದಲ್ಲಿ, ಚಲುವಯ್ಯ ಅನ್ನುವ ನಿವೃತ್ತ ಅಧಿಕಾರಿಯ ಮನೆಯಲ್ಲಿ. ಚಲುವಯ್ಯನವರ ಹೆಂಡತಿ ತೀರಿಹೋಗಿದ್ದರು. ಮನೆಯಲ್ಲಿ ಮಾತಿಗೆ ಜನವಿಲ್ಲ. ಅಜ್ಜನಿಗೆ ಬಾಯಿ ಸೊಟ್ಟಗಾಗಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ದಿನಕ್ಕೆ ಒಂದು ಸಲ ಬರುವ ಆ ಫೋನೇ ಕಿರಣಕುಮಾರನಿಗೆ ಊರು, ಕೇರಿ, ಜಾತ್ರೆ ಎಲ್ಲಾ.

ಅವನಿಗೆ ತಾಯಿಯಿಲ್ಲ. ಸಾಕಿದವಳು ಚಿಗವ್ವ, ಅಂದರೆ ಚಿಕ್ಕಮ್ಮ, ಸಾಬಮ್ಮ. ಅವಳೂ ಇದೇ ಕಂಪನಿಯಲ್ಲಿ ಕೇರ್‌ಟೇಕರ್. ಸಿ.ವಿ. ರಾಮನ್ ನಗರದಲ್ಲಿ ಒಬ್ಬಂಟಿ ಮುದುಕಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದಳು. ಆ ಮುದುಕಿಗೆ ಕೈಕಾಲಿನ ಸ್ವಾಧೀನವೂ ಇಲ್ಲ, ಮಾತೂ ಇಲ್ಲ, ಕಣ್ಣು ಮಾತ್ರ ಇತ್ತು. ಸಾಬಮ್ಮನ ಗಂಡ ಹುಸೇನಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ರಜೆ ಬಂದಾಗ ಮೂವರೂ ಹೊಸ ತಿಪ್ಪಸಂದ್ರದ ಬಾಡಿಗೆ ಕೋಣೆಯಲ್ಲಿ ಸೇರುತ್ತಿದ್ದರು.

ಪೂಜಿತಾ ಅವನ ಮುಖ ನೋಡಿದ್ದು ಆ ಕೋಣೆಯ ಹತ್ತಿರದ ಮಾರ್ಕೆಟ್ ರಸ್ತೆಯಲ್ಲಿ. ದನಿಗಿಂತ ಮುಖ ಸಾಧುವಾಗಿತ್ತು. ಪಕ್ಕದಲ್ಲಿದ್ದ ಸಾಬಮ್ಮ ಅವಳನ್ನು ಕೆಳಗಿಂದ ಮೇಲಕ್ಕೆ ನೋಡಿ, ಇದೇನಾ ನಿನ್ನ ಫೋನು ಅಂತ ಕೇಳಿದಳು. ಕಿರಣ ತೆಂಗಿನಕಾಯಿ ಅಂಗಡಿಯ ಕಡೆ ತಿರುಗಿ ನಿಂತ.

ಸಾಬಮ್ಮನಿಗೆ ಹುಡುಗಿ ಒಪ್ಪಿಗೆಯಾದಳು. ಪೂಜಿತಾಳ ಅಪ್ಪ ಸಂಜೀವಪ್ಪ ಕೆ.ಆರ್. ಪುರದಾಚೆಯ ಹಳ್ಳಿಯವರು, ಬೌದ್ಧರು, ಮುಹೂರ್ತ ನೋಡದೆ ಬುದ್ಧವಂದನೆ ಹೇಳಿ ಮದುವೆ ಮಾಡುವ ಮನೆ ಅಂತ ಕೇಳಿದಾಗ ಮಾತ್ರ ಸಾಬಮ್ಮ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಆಮೇಲೆ, ಮುಹೂರ್ತ ನೋಡಿ ಮಾಡ್ಕೊಂಡ ನನ್ನ ಗಂಡನೇ ಹಿಂಗ್ ಇದ್ದಾನ, ನೋಡದಿದ್ರೂ ನಡೀತದ ಬಿಡು ಅಂದಳು.

ಮನೆಗೆ ಬಂದು ಸಂಜೀವಪ್ಪನ ಹತ್ತಿರ ತಾನೇ ಮಾತಾಡುತ್ತೇನೆ ಅಂತಲೂ ಹೇಳಿದ್ದಳು. ಬೆಳೆ ಬರುವ ಮೊದಲೇ ಕಣ ಸಾರಿಸಬಾರದು ಅಂತಾರಲ್ಲ. ಆ ಮಾತು ಇಂಥದ್ದಕ್ಕೇ ಹುಟ್ಟಿದ್ದು.

ಆಫೀಸಿಗೆ ತೇಜಶ್ರೀ ಬಂದದ್ದು ಆ ಹೊತ್ತಿಗೆ.

ಮಾಲೀಕ ಜಗದೀಶ್ ಅಂದಾಜಿನ ಮನುಷ್ಯ. ಹಿಂದಿನ ವರ್ಷ ಕೇರ್‌ಟೇಕರ್‌ಗಳ ತರಬೇತಿ ಅರ್ಧಕ್ಕೆ ಇಳಿಸಿದ್ದ. ದೂರು ಕಡಿಮೆಯಾಯಿತು. ತನ್ನ ತಲೆಗೆ ತಾನೇ ಶಹಬ್ಬಾಸ್ ಹೇಳಿಕೊಂಡ. ಅದು ಬೇಸಿಗೆ ರಜೆ, ಮಕ್ಕಳು ಮೊಮ್ಮಕ್ಕಳು ಬಂದು ಮುದುಕರನ್ನು ತಾವೇ ನೋಡಿಕೊಂಡಿದ್ದರು, ದೂರು ಕಡಿಮೆಯಾದದ್ದು ಅದಕ್ಕೆ. ರಜೆ ಮುಗಿದ ಮೇಲೆ ಪೆಟ್ಟು ತಿಂದ. ಇನ್ನು ಅಂದಾಜು ಸಾಕು ಅಂತ ತೇಜಶ್ರೀಯನ್ನು ಕೆಲಸಕ್ಕೆ ತೆಗೆದುಕೊಂಡ.

ತೇಜಶ್ರೀ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಇಂಥ ಕಥೆಯಲ್ಲಿ ಓದಿದ ಹೆಂಗಸು ಬಂದ ಕೂಡಲೇ ಜನ ಅವಳ ಮೇಲೆ ಅನುಮಾನ ಪಡುತ್ತಾರೆ. ಅವಳು ಎಲ್ಲರನ್ನೂ ಕೂರಿಸಿಕೊಂಡು ಅಡುಗೆಮನೆ ಭಾಷೆಯಲ್ಲಿ ವಿವರಿಸಿದಳು. ಎರಡು ಒಲೆ, ಎರಡು ಪಾತ್ರೆ, ಒಂದೇ ಅಕ್ಕಿ, ಒಂದೇ ನೀರು. ಒಂದಕ್ಕೆ ತಟ್ಟೆ ಮುಚ್ಚಿ, ಇನ್ನೊಂದಕ್ಕೆ ಮುಚ್ಚಬೇಡಿ. ಆಗ ತಟ್ಟೆಯಿಂದ ಏನು ಉಪಯೋಗ ಅಂತ ಗೊತ್ತಾಗುತ್ತೆ. ಬೇರೇನೂ ಬದಲಾಗಬಾರದು.

ದಿನಾ ಫೋನ್ ಮಾಡುವುದು ನಿಜವಾಗಿ ಉಪಯೋಗವೋ, ಬರೀ ಅಭ್ಯಾಸವೋ ನೋಡಬೇಕಿತ್ತು. ಮೂರು ತಿಂಗಳು ಅರ್ಧ ಮನೆಗಳಿಗೆ ಫೋನ್ ಹೋಗುತ್ತದೆ, ಅರ್ಧಕ್ಕೆ ಹೋಗುವುದಿಲ್ಲ. ಯಾವ ಮನೆ ಯಾವ ಕಡೆ ಅಂತ ಚೀಟಿ ಎತ್ತಿದಂತೆ ಕಂಪ್ಯೂಟರೇ ಹಂಚುತ್ತದೆ, ಬೇಕಾದವರು ಬೇಡದವರು ಅಂತ ಇಲ್ಲ. ಫೋನ್ ಹೋಗದ ಮನೆಯವರ ಹತ್ತಿರ ತುರ್ತಿಗೆ ಒಂದು ನಂಬರ್ ಇರುತ್ತದೆ. ಆ ಮನೆಗಳಲ್ಲಿ ಬೀಳುವುದು, ಮಾತ್ರೆ ತಪ್ಪುವುದು ಹೆಚ್ಚಾದರೆ ಅದೇ ದಿನ ಪರೀಕ್ಷೆ ನಿಲ್ಲಿಸುತ್ತೇನೆ, ಫೋನ್ ಬೇಕೇ ಬೇಕು ಅಂತ ಬರೆದು ಕೊಡುತ್ತೇನೆ ಅಂದಳು.

"ಒಂದೇ ಒಂದು ಕೇಳ್ಕೋತೀನಿ," ಅಂದಳು ಕೊನೆಗೆ. "ಮುಚ್ಚಬೇಡಿ ಅಂದ ಪಾತ್ರೆಗೆ ಯಾರೂ ಕದ್ದು ತಟ್ಟೆ ಮುಚ್ಚಬೇಡಿ. ಮುಚ್ಚಿದ್ರೆ ಬಂದು ಹೇಳಿಬಿಡಿ. ಬೈಯಲ್ಲ."

ಕೇರ್‌ಟೇಕರ್‌ಗಳಿಗೆ ಪರೀಕ್ಷೆಯ ವಿಷಯ ಹೇಳಬಾರದು, ಹೇಳಿದರೆ ಅವರು ನಡೆದುಕೊಳ್ಳುವ ರೀತಿಯೇ ಬದಲಾಗುತ್ತೆ ಅಂತಲೂ ಸೇರಿಸಿದಳು.

ಮಾರನೆಯ ದಿನ ಪೂಜಿತಾಳ ಕಂಪ್ಯೂಟರಿನಲ್ಲಿ ಹೊಸ ಹಂಚಿಕೆ ಬಂತು. ಫೋನ್ ಮಾಡಬೇಕಾದವರ ಹೆಸರುಗಳನ್ನು ಮೇಲಿಂದ ಕೆಳಕ್ಕೆ ನೋಡಿದಳು. ಮತ್ತೆ ನೋಡಿದಳು. ಕಿರಣಕುಮಾರ ಇರಲಿಲ್ಲ. ಸಾಬಮ್ಮನೂ ಇರಲಿಲ್ಲ.

 ಇವತ್ತು ಅವನು ಫೋನ್ ಹಿಡಿದು ಕೂತಿರುತ್ತಾನೆ... ಬರಲ್ಲ. ಬಚ್ಚಲಲ್ಲಿ ಕಾಲು ಜಾರಿದರೆ? ಅಜ್ಜ ಮೇಲೆ ಬಿದ್ದರೆ? ನಾಳೆವರೆಗೂ ಯಾರಿಗೆ ಗೊತ್ತಾಗುತ್ತೆ?

ಮಧ್ಯಾಹ್ನ ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತು, ತನ್ನ ಸ್ವಂತ ಫೋನಿನಿಂದ ಮಾಡಿದಳು. ಒಂದೇ ಒಂದು ಮನೆ, ಅದರಿಂದೇನಾಗುತ್ತೆ ಅಂದುಕೊಂಡಳು.

ಒಂದೇ ಮನೆಯಾಗಿದ್ದರೆ ನಿಜಕ್ಕೂ ಏನೂ ಆಗುತ್ತಿರಲಿಲ್ಲವೇನೋ.

ಕಿರಣಕುಮಾರ ತನ್ನದೊಂದನ್ನೇ ನೋಡಿಕೊಳ್ಳುವ ಜಾತಿಯವನಲ್ಲ. ವಾರ ಕಳೆಯುವಷ್ಟರಲ್ಲಿ ಕೇಳಿದ. ಚಿಗವ್ವನಿಗೆ ಫೋನ್ ಬರ್ತಿಲ್ಲವಂತಲ್ಲ, ಯಾಕ? ಅವಳು ಏನು ಹೇಳಬೇಕು? ಹೇಳಬಾರದು ಅಂದಿದ್ದಾರೆ. ಆ ಮನೆ ಮರೆತುಹೋಗಿರಬೇಕು, ನಾನೇ ಮಾಡ್ತೀನಿ ಅಂದಳು. ಸಾಬಮ್ಮನಿಗೆ ಮಾಡಿದಳು. ಅಷ್ಟರಲ್ಲಿ ಅವನು ಮತ್ತೊಬ್ಬರ ಹೆಸರು ಹೇಳಿದ. ಆಮೇಲೆ ಇನ್ನೊಬ್ಬರದು. ಅವರೆಲ್ಲ ಒಂದೇ ಕಡೆಯವರು, ಒಂದೇ ವಠಾರದವರು, ರಜೆಯ ದಿನ ಒಂದೇ ಒಲೆಯ ರೊಟ್ಟಿ ತಿನ್ನುವವರು. ಒಬ್ಬರಿಗೆ ಬಂದ ಫೋನ್ ಇನ್ನೊಬ್ಬರಿಗೆ ಬರಲಿಲ್ಲ ಅಂದರೆ ಅದು ಆ ವಠಾರದಲ್ಲಿ ದೊಡ್ಡ ಸುದ್ದಿ.

ಪೂಜಿತಾ ಯಾರಿಗೂ ಇಲ್ಲ ಅನ್ನಲಿಲ್ಲ. ಬರಬರುತ್ತಾ ಫೋನ್ ಹೋಗದ ಮನೆಗಳಲ್ಲಿ ಮುಕ್ಕಾಲು ಪಾಲು ಅವಳ ಕೈಗೇ ಬಂದವು. ಬೆಳಿಗ್ಗೆ ಮೆಟ್ರೋ ಹತ್ತುವ ಮುಂಚೆ ಕೆಲವರು, ಊಟದ ಹೊತ್ತಿಗೆ ಕೆಲವರು, ಸಂಜೆ ಮನೆಗೆ ನಡೆಯುತ್ತಾ ಉಳಿದವರು. ಒಂದು ಸಲ ಯಾರೋ ಎತ್ತದಿದ್ದಾಗ ತಾನೇ ಆಟೋ ಹಿಡಿದು ಹೋಗಿ ನೋಡಿದಳು. ಕೇರ್‌ಟೇಕರ್ ಜ್ವರ ಬಂದು ಮಲಗಿಬಿಟ್ಟಿದ್ದಳು, ರೋಗಿಗೆ ಮಾತ್ರೆ ಕೊಟ್ಟಿರಲಿಲ್ಲ. ಪೂಜಿತಾಳೇ ಕೊಟ್ಟಳು. ಆಫೀಸಿಗೆ ಗೊತ್ತಾಗಲಿಲ್ಲ. ಮಾತ್ರೆ ತಪ್ಪಿದ ಲೆಕ್ಕದಲ್ಲಿ ಆ ಮನೆ ಸೇರಲೇ ಇಲ್ಲ.

ಅವತ್ತು ಕಿರಣ ಫೋನಿನಲ್ಲಿ, ನೀ ನಮ್ಮವ್ವ ಇದ್ದಂಗ ಎಲ್ಲಾರಿಗೂ ಅಂದ. ಅವಳಿಗೆ ಹಾರಾಡುವಷ್ಟು ಸಂತೋಷ. ತಾನು ಮಾಡುತ್ತಿರುವುದು ತಪ್ಪು ಅನ್ನುವ ಅರಿವು ಆ ಸಂತೋಷದ ಅಡಿಯಲ್ಲಿ ಎಲ್ಲೋ ಮಲಗಿತ್ತು.

ಮೂರು ತಿಂಗಳು ಮುಗಿಯುವ ವಾರ ತೇಜಶ್ರೀ ಅವಳ ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು. ಎರಡೂ ಕಡೆ ಒಂದೇ ತರಹ ಇದೆ, ನನಗೇ ಆಶ್ಚರ್ಯ ಅಂದಳು. ಮುಖದಲ್ಲಿ ನೆಮ್ಮದಿ ಇರಲಿಲ್ಲ.

"ಪೂಜಿತಾ, ಫೋನ್ ಬೇಡ ಅಂದ ಮನೆಗಳಿಗೆ ಯಾರಾದ್ರೂ ಫೋನ್ ಮಾಡಿದಾರಾ? ಒಂದೇ ಒಂದಾದ್ರೂ?"

 ಹೇಳಿದರೆ ಕೆಲಸ ಹೋಗುತ್ತೆ. ಕಿರಣನನ್ನು ಕರೆದು ಕೇಳುತ್ತಾರೆ. ಮದುವೆ ಮಾತಿಗೆ ಮುಂಚೆಯೇ ಅಪ್ಪನ ಕಿವಿಗೆ ಬೀಳುತ್ತೆ. ಯಾರಿಗೂ ಏನೂ ಆಗಿಲ್ಲವಲ್ಲ, ಎಲ್ಲರೂ ಚೆನ್ನಾಗಿದ್ದಾರಲ್ಲ... ಇದರಲ್ಲಿ ನಷ್ಟ ಯಾರಿಗೆ?

"ಇಲ್ಲ," ಅಂದಳು.

ತೇಜಶ್ರೀ ನಂಬಿದಳು. ನಂಬುವವರಿಗೇ ಸುಳ್ಳು ಹೇಳುವುದು ಸುಲಭ.

ಮುಂದಿನ ಸೋಮವಾರ ಎಲ್ಲರನ್ನೂ ಸೇರಿಸಿ ಫಲಿತಾಂಶ ಹೇಳಿದರು. ಫೋನ್ ಹೋದ ಮನೆಗೂ ಹೋಗದ ಮನೆಗೂ ಏನೂ ವ್ಯತ್ಯಾಸವಿಲ್ಲ. ಬಿದ್ದವರು ಅಷ್ಟೇ, ಮಾತ್ರೆ ತಪ್ಪಿದ್ದು ಅಷ್ಟೇ, ಮನೆಯವರ ದೂರು ಅಷ್ಟೇ. ಹಾಗಾಗಿ ದಿನದ ಫೋನ್ ಇನ್ನು ಎಲ್ಲ ಮನೆಗಳಿಗೂ ನಿಲ್ಲುತ್ತದೆ. ಫೋನ್ ಮಾಡುತ್ತಿದ್ದ ಹುಡುಗಿಯರನ್ನು ಹೊಸ ಗಿರಾಕಿಗಳ ವಿಭಾಗಕ್ಕೆ ಹಾಕುತ್ತೇವೆ, ಯಾರನ್ನೂ ತೆಗೆಯುವುದಿಲ್ಲ ಅಂದ ಜಗದೀಶ್. ಎಲ್ಲರೂ ಚಪ್ಪಾಳೆ ತಟ್ಟಿದರು.

ಪೂಜಿತಾಳಿಗೆ ಆಗ ಹೊಳೆಯಿತು. ಅಲ್ಲಿಯವರೆಗೂ ಹೊಳೆದಿರಲಿಲ್ಲ. ಫೋನ್ ಇಲ್ಲದೆಯೂ ಆ ಮನೆಗಳು ಚೆನ್ನಾಗಿದ್ದವು ಅಂತ ಇವರು ತಿಳಿದಿದ್ದಾರೆ. ಆ ಮನೆಗಳು ಚೆನ್ನಾಗಿದ್ದದ್ದು ನನ್ನ ಫೋನಿನಿಂದ. ನಾನು ಕಾಪಾಡಿದ್ದೇ ಫೋನ್ ಬೇಡ ಅನ್ನುವುದಕ್ಕೆ ಸಾಕ್ಷಿಯಾಯಿತಲ್ಲ...

ಅವಳು ಅರ್ಧ ಎದ್ದಳು. ಏನಮ್ಮಾ ಅಂದ ಜಗದೀಶ್. ತೇಜಶ್ರೀ ಅವಳ ಕಡೆ ನೋಡಿ ಸಣ್ಣಗೆ ನಕ್ಕಳು.

ಏನಿಲ್ಲ ಸಾರ್ ಅಂದು ಕೂತಳು.

ನಾನು ಬಿಡದೆ ಫೋನ್ ಮಾಡ್ತೀನಿ, ಯಾರಿಗೂ ಏನೂ ಆಗದ ಹಾಗೆ ನೋಡ್ಕೋತೀನಿ ಅಂತ ಮನಸ್ಸಿನಲ್ಲೇ ಹರಕೆ ಹೊತ್ತಳು. ಹೆದರಿದವರು ಹೊರುವ ಹರಕೆ ಬಹಳ ದಿನ ನಿಲ್ಲುವುದಿಲ್ಲ.

ಹೊಸ ವಿಭಾಗದಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಮೊದಲು ಸಂಜೆಯ ಫೋನುಗಳು ನಿಂತವು. ಆಮೇಲೆ ಊಟದ ಹೊತ್ತಿನವು. ಕಿರಣನಿಗೆ ಮಾತ್ರ ತಪ್ಪಲಿಲ್ಲ. ಸಾಬಮ್ಮನಿಗೆ ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ. ಏನವ್ವಾ, ಸೊಸಿ ಆಗೋಕ್ ಮೊದ್ಲೇ ಮರೆತ್ಯಾ ಅಂತ ಸಾಬಮ್ಮ ಕಿಚಾಯಿಸಿದಳು. ಪೂಜಿತಾ ನಕ್ಕಳು. ಆ ನಗು ಅವಳಿಗೇ ಹಿಡಿಸಲಿಲ್ಲ.

ಆ ಭಾನುವಾರ ಕಿರಣನಿಗೆ ರಜೆ. ಇಬ್ಬರೂ ಹಲಸೂರು ಕೆರೆಯ ಹತ್ತಿರ ಕೂತರು. ಬಿಸಿಲು ಚುರುಗುಟ್ಟುತ್ತಿತ್ತು, ಕೆರೆಯ ನೀರು ಹಸಿರಾಗಿ ಅಲುಗಾಡದೆ ನಿಂತಿತ್ತು. ಅಲ್ಲಿಂದ ಶಿವಾಜಿನಗರಕ್ಕೆ ಹೋದರು. ಹಳೆಯ ಮಂಚ, ಬೀರು ಮಾರುವ ಅಂಗಡಿಗಳ ಸಾಲಿನಲ್ಲಿ ನಡೆದರು. ಬಾಡಿಗೆಗೆ ಮನೆ ಮಾಡಿದರೆ ಏನೇನು ಬೇಕು ಅಂತ ಸುಮ್ಮನೆ ನೋಡುವುದು, ಅಷ್ಟೇ.

ಓವೈಸ್ ಅನ್ನುವ ಅಂಗಡಿಯವನು ಒಂದು ಮಂಚದ ಮೇಲೆ ಬಡಿದು ತೋರಿಸಿ, ಕೂತು ನೋಡ್ರಿ, ಇದು ಗಂಡ ಹೆಂಡ್ತಿ ಜಗಳಕ್ಕೂ ಅಲ್ಲಾಡಲ್ಲ ಅಂದ. ಪೂಜಿತಾ ಕೆಂಪಾದಳು. ಕಿರಣ ನಗುತ್ತಾ, ಚಿಗವ್ವಗ ಒಂದ್ಸಲ ಕೇಳ್ತೀನಿ, ಅಕಿಗೆ ಮಂಚದ ವಿಷಯ ಗೊತ್ತಾಗ್ತದ ಅಂತ ಫೋನ್ ಮಾಡಿದ.

ಎತ್ತಲಿಲ್ಲ.

"ಅಜ್ಜಿಗೆ ಸ್ನಾನ ಮಾಡಿಸ್ತಿರ್ತಾರೆ," ಅಂದಳು ಪೂಜಿತಾ. "ಆಮೇಲ್ ಮಾಡಿದ್ರಾಯ್ತು ಬಾ."

ಅವನು ಫೋನನ್ನು ಜೇಬಿಗೆ ಇಟ್ಟುಕೊಂಡ.

ಮೂರು ಸಲ ಎತ್ತದಿದ್ದರೆ ಮನುಷ್ಯನನ್ನು ಕಳಿಸಬೇಕು ಅನ್ನುವುದು ರಕ್ತದಲ್ಲಿ ಇಳಿದಿದ್ದ ಹುಡುಗಿ ಅವಳು. ಅವತ್ತು ಎರಡನೇ ಸಲವೂ ಮಾಡಿಸಲಿಲ್ಲ. ಆ ಗದ್ದಲ, ಆ ಕಬಾಬಿನ ವಾಸನೆ, ಪಕ್ಕದಲ್ಲಿ ಅವನ ತೋಳು. ಹೇಗೋ ಮರೆತೇಹೋಯಿತು.

ಸಿ.ವಿ. ರಾಮನ್ ನಗರದ ಆ ಮನೆಯಲ್ಲಿ ಸಾಬಮ್ಮ ಬಚ್ಚಲ ಹೊಸ್ತಿಲಿಗೆ ತಲೆ ಬಡಿದುಕೊಂಡು ಬಿದ್ದಿದ್ದಳು. ಉಸಿರಿತ್ತು, ಎಚ್ಚರವಿರಲಿಲ್ಲ. ತುರ್ತಿನ ನಂಬರ್ ಅವಳ ಫೋನಿನಲ್ಲೇ ಇತ್ತು. ಫೋನ್ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸಲ ಹೊಡೆದುಕೊಂಡು ಸುಮ್ಮನಾಯಿತು. ಹಾಸಿಗೆಯ ಮೇಲಿದ್ದ ಮುದುಕಿಗೆ ತೆರೆದ ಬಾಗಿಲಿನಿಂದ ಅವಳ ಕಾಲು ಮಾತ್ರ ಕಾಣುತ್ತಿತ್ತು. ಕೂಗಲು ದನಿಯಿಲ್ಲ, ಏಳಲು ಕೈಕಾಲಿಲ್ಲ. ಆ ಕಾಲು ಅಲ್ಲಾಡುತ್ತದೇನೋ ಅಂತ ಸಂಜೆಯೆಲ್ಲಾ, ರಾತ್ರಿಯೆಲ್ಲಾ ನೋಡುತ್ತಾ ಮಲಗಿದ್ದಳು.

ಸೋಮವಾರ ಬೆಳಿಗ್ಗೆ ಕಸಮುಸುರೆಯವಳು ಬಂದು ಬಾಗಿಲು ತಟ್ಟಿ, ಪಕ್ಕದ ಮನೆಯವರನ್ನು ಕರೆದಳು.

ಆಸ್ಪತ್ರೆಯಲ್ಲಿ ಸಾಬಮ್ಮ ಕಣ್ಣು ಬಿಡಲೇ ಇಲ್ಲ. ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಹೋದಳು. ಭಾನುವಾರ ಸಂಜೆಯೊಳಗೆ ತಂದಿದ್ದರೆ ನೋಡಬಹುದಿತ್ತು ಅಂತ ಡಾಕ್ಟರ್ ಹುಸೇನಪ್ಪನಿಗೆ ಹೇಳಿದರಂತೆ. ಹುಸೇನಪ್ಪ ಅದನ್ನು ಬಂದವರಿಗೆಲ್ಲ ಅದೇ ಪದಗಳಲ್ಲಿ ಹೇಳುತ್ತಿದ್ದ. ಅಳುತ್ತಿರಲಿಲ್ಲ.

ಕಿರಣಕುಮಾರ ಅಲ್ಲಿಂದ ನೆಟ್ಟಗೆ ಇಂದಿರಾನಗರದ ಆಫೀಸಿಗೆ ಬಂದ.

ಪೂಜಿತಾ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಕೆಲಸ ಮಾಡುತ್ತಿರಲಿಲ್ಲ, ಕೂತಿದ್ದಳು ಅಷ್ಟೇ. ಅವನು ಅವಳ ಕಡೆ ನೋಡದೆ ಒಳಗೆ ಹೋದ. ಜಗದೀಶ್‌ನ ಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಕೇಳಿದ್ದು ಆಫೀಸಿಗೆಲ್ಲ ಕೇಳಿಸಿತು. ದಿನಾ ಬರುತ್ತಿದ್ದ ಫೋನ್ ನಿಲ್ಲಿಸಿದವರು ಯಾರು? ಯಾಕೆ ನಿಲ್ಲಿಸಿದಿರಿ? ಒಂದು ಫೋನ್ ಮಾಡಿದ್ದರೆ ಇವತ್ತು ಅವಳು ಬದುಕಿರುತ್ತಿದ್ದಳಲ್ಲ. ಜಗದೀಶ್ ಪರಿಹಾರದ ಮಾತು ತೆಗೆದ. ಕಿರಣ ಮೇಜಿನ ಮೇಲೆ ಕೈ ಬಡಿದ.

ತೇಜಶ್ರೀ ಎದ್ದು ಬಂದಳು. ಅವಳ ಕಣ್ಣೂ ಕೆಂಪಾಗಿತ್ತು. ಕಣ್ಣು ಮುಚ್ಚಿಕೊಂಡು ನಿಲ್ಲಿಸಿದ್ದಲ್ಲ ಅಂತ ನಿಧಾನವಾಗಿ ಹೇಳಿದಳು. ಮೂರು ತಿಂಗಳು ಅರ್ಧ ಮನೆಗಳಿಗೆ ಫೋನ್ ಮಾಡದೆ ನೋಡಿದೆವು. ನಿಮ್ಮ ಮನೆ, ಸಾಬಮ್ಮನವರ ಮನೆ, ಎರಡೂ ಆ ಕಡೆಯವೇ. ಫೋನ್ ಇಲ್ಲದೆಯೂ ಅಲ್ಲಿ ಏನೂ ತೊಂದರೆ ಆಗಲಿಲ್ಲ. ಅದಕ್ಕೇ...

ಕಿರಣ ಅವಳನ್ನೇ ನೋಡಿದ. ಅರ್ಥವಾಗದವನ ಹಾಗೆ.

"ಯಾವ ಮೂರು ತಿಂಗಳ್ರೀ?"

ಹೇಳಿದಳು.

"ನನಗ ದಿನಾ ಬರ್ತಿತ್ತಲ್ರೀ ಫೋನು. ಚಿಗವ್ವಗೂ ಬರ್ತಿತ್ತು. ನಮ್ಮ ವಠಾರದಾಗ ಎಲ್ಲಾರಿಗೂ ಬರ್ತಿತ್ತು. ಮೊದಲಿನ ಒಂದು ವಾರ ಬಿಟ್ರ ಒಂದಿನಾನೂ ತಪ್ಪಿಲ್ಲ."

 ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು.

"ಯಾರು ಮಾಡ್ತಿದ್ರು?" ತೇಜಶ್ರೀಯ ದನಿ ಇಳಿದುಹೋಗಿತ್ತು.

ಕಿರಣ ಬಾಯಿ ತೆರೆದ. ತೆರೆದವನು ಹಾಗೇ ನಿಂತ. ತಾನು ಏನು ಹೇಳಿದೆ ಅನ್ನುವುದು ಅವನಿಗೆ ಆಗ ತಿಳಿಯಿತು. ಅವನ ಕತ್ತು ಪೂಜಿತಾಳ ಕಡೆ ತಿರುಗಲು ಹೋಗಿ, ಅರ್ಧದಲ್ಲೇ ನಿಂತು, ನೆಲದ ಕಡೆ ಬಗ್ಗಿತು.

"ಗೊತ್ತಿಲ್ರೀ," ಅಂದ. "ಹೆಸರು ಕೇಳಿದ್ದಿಲ್ಲ."

ಚಿಗವ್ವನ ಹೆಣ ಆಸ್ಪತ್ರೆಯಲ್ಲಿರುವಾಗಲೂ ಅವನು ಅವಳ ಹೆಸರು ಹೇಳಲಿಲ್ಲ. ಪ್ರೀತಿ ಅಂದರೆ ಏನು ಅಂತ ಕೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಪೂಜಿತಾ ಎದ್ದು ನಿಂತಳು. 

"ನಾನೇ ಮಾಡ್ತಿದ್ದೆ."

ತೇಜಶ್ರೀ ಅವಳ ಹತ್ತಿರ ಬಂದಳು. ಹೊಡೆಯುತ್ತಾಳೇನೋ ಅನ್ನಿಸಿತು. ಹೊಡೆದಿದ್ದರೆ ಚೆನ್ನಾಗಿತ್ತು.

"ನಾನ್ ನಿನ್ನ ಕೇಳಿದ್ದೆ ಪೂಜಿತಾ. ಇಲ್ಲೇ, ಈ ಕುರ್ಚಿ ಪಕ್ಕ ನಿಂತು ಕೇಳಿದ್ದೆ. ಹೌದು ಅಂತ ಒಂದ್ ಮಾತು ಹೇಳಿದ್ರೆ ಸಾಕಿತ್ತು. ಎಲ್ಲಾ ಎಸೆದು ಮೊದಲಿಂದ ಶುರು ಮಾಡ್ತಿದ್ದೆ. ಫೋನ್ ನಿಲ್ತಾನೇ ಇರ್ಲಿಲ್ಲ."

ಆಮೇಲೆ ಅವಳು ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಹುಡುಗಿಯರನ್ನೆಲ್ಲ ಹಳೆಯ ಜಾಗಕ್ಕೆ ಕರೆದು ಕೂರಿಸಿ, ಎಲ್ಲ ಮನೆಗಳಿಗೂ ಈಗಲೇ ಫೋನ್ ಮಾಡಿ ಅಂದಳು. ರೋಗಿ ಹೇಗಿದ್ದಾರೆ, ಮಾತ್ರೆ ಕೊಟ್ಟಾಯ್ತಾ, ನೀವು ತಿಂದ್ರಾ... ಆಫೀಸಿನ ತುಂಬ ಆ ದನಿಗಳು ಎದ್ದವು. ಪೂಜಿತಾ ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಬರುವಷ್ಟರಲ್ಲಿ ಕಿರಣ ಹೋಗಿಬಿಟ್ಟಿದ್ದ.

ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ ಆಂಬುಲೆನ್ಸ್ ನಿಂತಿತ್ತು. ಸಾಬಮ್ಮನನ್ನು ಊರಿಗೆ ಒಯ್ಯುವುದಕ್ಕೆ. ಹುಸೇನಪ್ಪ ಮುಂದಿನ ಸೀಟಿನಲ್ಲಿ ಕೂತು ಗಾಜಿನಾಚೆ ನೋಡುತ್ತಿದ್ದ. ಕಿರಣ ಹಿಂದಿನ ಬಾಗಿಲಿಗೆ ಒರಗಿ ನಿಂತಿದ್ದ.

ಅವಳನ್ನು ಕಂಡು ಮುಖ ತಿರುಗಿಸಲಿಲ್ಲ. ಅದೇ ಅವಳಿಗೆ ಆಸೆ ಹುಟ್ಟಿಸಿತು.

"ಬೈದ್ಬಿಡು ಕಿರಣ."

"ಬೈದ್ರ ಹಗುರ ಆಗ್ತದ. ನಿನಗೂ ಆಗ್ತದ, ನನಗೂ ಆಗ್ತದ. ಅದಕ್ಕ ಬೈಯಂಗಿಲ್ಲ."

"ಯಾಕೆ ಮಾಡ್ದೆ ಅಂತ ಕೇಳಲ್ವಾ?"

"ಗೊತ್ತದ. ನಿನಗ ನಾ ಬೇಕಾಗಿದ್ದೆ." ಅವನು ಬಾಗಿಲಿನ ಹಿಡಿ ಹಿಡಿದುಕೊಂಡ. "ನನಗೂ ನೀ ಬೇಕಾಗಿದ್ದಿ. ನಿನ್ನ ಫೋನ್ ಬರದಿದ್ರ ಆ ಮನಿಯಾಗ ಗ್ವಾಡಿ ನೋಡಿ ನೋಡಿ ಹುಚ್ಚ ಆಗ್ತಿದ್ದೆ. ಫೋನ್ ಮಾಡಿದ್ದು ತಪ್ಪಲ್ಲ ಪೂಜಿ. ಕೇಳಿದಾಗ ಇಲ್ಲ ಅಂದಿ."

ಅವಳು ತಲೆ ತಗ್ಗಿಸಿದಳು.

"ಮತ್ತ ನಾ ಅಕಿಗೆ ಒಮ್ಮೆ ಫೋನ್ ಹೊಡದು ಜೇಬಿನಾಗ ಇಟ್ಕೊಂಡೆ," ಅಂದ. "ಅದು ನನ್ನ ತಪ್ಪು. ನೀ ಆಮೇಲ್ ಮಾಡು ಅಂದ್ರ ನಾ ಕೇಳಬಾರದಿತ್ತು. ಸಾಕಿದಕಿ ಅಕಿ."

"ನಾನೂ ಬರ್ತೀನಿ ನಿಮ್ಮೂರಿಗೆ. ಹಿಂದ್ಗಡೆ ಕೂತ್ಕೋತೀನಿ, ಮಾತಾಡಲ್ಲ. ಇಬ್ರೂ ಸೇರಿ ಮಾಡಿದೀವಿ ಅಂದ್ರೆ ಇಬ್ರೂ ಸೇರಿ ಹೊರೋಣ..."

ಅವನು ಅಂಗಿಯ ತೋಳಿನಿಂದ ಅವಳ ಕೆನ್ನೆ ಒರೆಸಿದ. ಆ ತೋಳಿನಲ್ಲಿ ಆಸ್ಪತ್ರೆಯ ವಾಸನೆ ಇತ್ತು. ಅಷ್ಟು ಮೆಲ್ಲಗೆ ಅವನು ಅವಳನ್ನು ಹಿಂದೆಂದೂ ಮುಟ್ಟಿರಲಿಲ್ಲ.

"ಬಿಸಲದ. ಮನಿಗೆ ಹೋಗು," ಅಂದ.

ಒಳಗೆ ಹತ್ತಿ, ಚಿಗವ್ವನ ಪಕ್ಕದಲ್ಲಿ ಕೂತು, ಬಾಗಿಲನ್ನು ಒಳಗಿನಿಂದ ಎಳೆದುಕೊಂಡ. ಆಂಬುಲೆನ್ಸ್ ಗೇಟು ದಾಟಿ, ಆಟೋಗಳ ನಡುವೆ ನುಸುಳಿ, ತಿರುವಿನಲ್ಲಿ ಮರೆಯಾಯಿತು. ಹೊರಡುವಾಗ ಅವನು ಬರ್ತೀನಿ ಅನ್ನಲಿಲ್ಲ.

ಹೆಣದ ಜೊತೆ ಹೊರಡುವವರು ಬರ್ತೀನಿ ಅನ್ನಬಾರದು. ಅವಳ ಊರಲ್ಲೂ ಹಾಗೇ, ಅವನ ಊರಲ್ಲೂ ಹಾಗೇ. ಅದಕ್ಕೇ ಅನ್ನಲಿಲ್ಲ ಅಂದುಕೊಂಡಳು ಪೂಜಿತಾ. ದಿನ ಕರ್ಮ ಮುಗಿಯಲಿ ಅಂದುಕೊಂಡಳು. ಆಮೇಲೆ ಮಳೆ ಮುಗಿಯಲಿ ಅಂದುಕೊಂಡಳು. ಹೊಸ ತಿಪ್ಪಸಂದ್ರದ ಆ ಕೋಣೆಗೆ ಬೇರೆ ಸಂಸಾರ ಬಂತು. ಕಲ್ಯಾಣ ನಗರದ ಚಲುವಯ್ಯನವರಿಗೆ ಬೇರೆ ಕೇರ್‌ಟೇಕರ್ ಬಂದ. ಮನೆಯಲ್ಲಿ ಅಪ್ಪ ಬೇರೆ ಸಂಬಂಧದ ಮಾತು ಎತ್ತಿದಾಗಲೆಲ್ಲ ಅವಳು ಇವತ್ತಿಗೂ ಅದನ್ನೇ ಹೇಳುತ್ತಾಳೆ. ಸಾವಿನ ಜೊತೆ ಹೊರಟಿದ್ದ ಅಪ್ಪಾ, ಅದಕ್ಕೇ ಬರ್ತೀನಿ ಅನ್ನಲಿಲ್ಲ, ಬಾರದೆ ಇರೋದಕ್ಕಲ್ಲ.

ಕಿರಣಕುಮಾರ ಬರಲಿಲ್ಲ.